ಪುಟ್ಟುವಿಗೆ ದೊಡ್ಡಪ್ಪನ ಕಾಗದ

ಪ್ರೀತಿಯ ಪುಟ್ಟು,

ರಾತ್ರಿ ಒಂದೂವರೆಗೆ ನೀನು ಕಳಿಸಿದ ಮೆಸೇಜು ಓದಿದೆ. ಬೆಳಿಗ್ಗೆ ಎದ್ದು ಅಳಿಸೋಣ ಅನ್ನಿಸಿರಬೇಕು, ಅಲ್ವಾ? ಅಳಿಸಲಿಲ್ಲ, ಒಳ್ಳೆಯದಾಯ್ತು. ದೊಡ್ಡಮ್ಮನಿಗೆ ತೋರಿಸಿಲ್ಲ, ಹೆದರಬೇಡ. ಫೋನ್ ಮಾಡಿದರೆ ನೀನು ಸುಮ್ನೆ ಹೂಂಗುಟ್ಟುತ್ತೀಯ. ಅದಕ್ಕೇ ಈ ಕಾಗದ.

"ನಾನು ನಿಜವಾಗ್ಲೂ ಕ್ರಿಸ್ತನನ್ನು ನಂಬಿ ಪಾಪದಿಂದ ರಕ್ಷಣೆ ಹೊಂದಿದ್ದರೆ ಈ ಚಟ ಇನ್ನೂ ಯಾಕೆ ಹೋಗಿಲ್ಲ ದೊಡ್ಡಪ್ಪ?" ಅಂತ ಕೇಳಿದ್ದೀಯ. ನೀನು ನೋಡುತ್ತಿರುವುದು ಪಾಪವೇ, ಅದರಲ್ಲಿ ರಿಯಾಯಿತಿ ಇಲ್ಲ. ಆ ಅಶ್ಲೀಲ ವಿಡಿಯೊದಲ್ಲಿರುವವಳೂ ಯಾರದೋ ಮನೆ ಮಗಳು. ಆದರೆ ದೇವರು ನಿನ್ನ ಕೈಬಿಟ್ಟಿದ್ದರೆ ರಾತ್ರಿ ಒಂದೂವರೆಗೆ ನೀನು ಅಳುತ್ತಾ ಕೂತಿರುತ್ತಿದ್ದೆಯಾ? ಹಾಯಾಗಿ ನಿದ್ದೆ ಹೊಡೆಯುತ್ತಿದ್ದೆ.

ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ಓದು. ಬೇಡವೆಂದದ್ದನ್ನೇ ಮಾಡುತ್ತೇನಲ್ಲ ಅಂತ ಪೌಲ ಗೋಳಾಡುತ್ತಾನೆ. ಅದು ಕ್ರಿಸ್ತನನ್ನು ನಂಬುವ ಮೊದಲಿನ ಅವನ ಹಳೆಯ ಬಾಳಿನ ಮಾತು ಅಂತ ಕೆಲವರು ವಾದಿಸುತ್ತಾರೆ. ಆ ಜಗಳ ನಮಗೆ ಬೇಡ. ಅವನೇ ಗಲಾತ್ಯದವರಿಗೆ ಬರೆದ ಪತ್ರದ 5:17 ತೆಗೆ. ಶರೀರದ ಆಸೆಗೂ ದೇವರ ಆತ್ಮಕ್ಕೂ ಆಗಿಬರುವುದಿಲ್ಲ ಅಂತ ಅಲ್ಲಿದೆ. ಬರೆದದ್ದು ಊರಿನ ಪೋಲಿಗಳಿಗಲ್ಲ, ಕ್ರೈಸ್ತ ಸಭೆಯವರಿಗೇ.

ನನ್ನ ಕುಡಿತದ ವಿಷಯ ನಿನ್ನ ಅಪ್ಪ ಹೇಳಿರಬಹುದು. "ಪ್ರಾರ್ಥನೆ ಮಾಡಿದೆ, ಅವತ್ತೇ ಬಿಟ್ಟುಹೋಯ್ತು" ಅಂತ ಸಾಕ್ಷಿ ಹೇಳುವವರಿದ್ದಾರೆ. ಅವರಿಗೆ ಹಾಗೆ ಆಗಿರಬಹುದು. ನನಗೆ ಆಗಲಿಲ್ಲ. ನಾಲ್ಕು ವರ್ಷ ಬಿಟ್ಟೆ, ಹಿಡಿದೆ, ಬಿಟ್ಟೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಮಧ್ಯೆ ವೈನ್ ಶಾಪ್. ಸಂಬಳದ ದಿನ ಮಾರ್ಕೆಟ್ ಸುತ್ತಿಕೊಂಡು ಬರುತ್ತಿದ್ದೆ, ಅರ್ಧ ಗಂಟೆ ಹಿಡಿಯುತ್ತಿತ್ತು. ಸಂಬಳದ ಕವರನ್ನು ಒಡೆಯದೆ ದೊಡ್ಡಮ್ಮನ ಕೈಗೆ ಕೊಡುತ್ತಿದ್ದೆ. ಬಿಟ್ಟು 26 ವರ್ಷ ಆಯ್ತು. ಈಗಲೂ ಭಾನುವಾರ ಮೀನು ಹುರಿಯುವ ವಾಸನೆ ಬಂದರೆ ಗಂಟಲು ಒಣಗುತ್ತದೆ. ಎದ್ದು ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕುತ್ತೇನೆ. ಭಾನುವಾರ ಆ ನುಗ್ಗೆ ಗಿಡಕ್ಕೆ ಯಾಕೆ ಅಷ್ಟು ನೀರು ಅಂತ ದೊಡ್ಡಮ್ಮ ಇವತ್ತಿಗೂ ಕೇಳಿಲ್ಲ. ಗೊತ್ತಿರಬೇಕು.

ಈಜಿಪ್ಟಿನ ಮರುಭೂಮಿಯಲ್ಲಿ ಸಾವಿರದೈನೂರು ವರ್ಷಗಳಿಗೂ ಹಿಂದೆ ಸಾರಾ ಅನ್ನುವ ಸನ್ಯಾಸಿನಿ ಇದ್ದಳು. ಸಾರಾ ಅಮ್ಮ ಅಂತಲೇ ಕರೆಯುತ್ತಿದ್ದರು. 13 ವರ್ಷ ಕಾಮದ ಕಾಟ. ಇದನ್ನು ತೆಗೆದುಬಿಡು ಅಂತ ಆಕೆ ಒಂದು ದಿನವೂ ಬೇಡಲಿಲ್ಲವಂತೆ. "ದೇವರೇ, ಬಲ ಕೊಡು" ಅಂದಳು, ಅಷ್ಟೇ. ಕೊನೆಗೆ ಆ ಕಾಟ ಕೊಡುತ್ತಿದ್ದ ದುರಾತ್ಮ, ನೀನು ನನ್ನನ್ನು ಗೆದ್ದೆ ಅಂದಾಗ, ಗೆದ್ದದ್ದು ನಾನಲ್ಲ, ನನ್ನೊಡೆಯ ಕ್ರಿಸ್ತ ಅಂದಳಂತೆ. ನನಗಂತೂ ಅಷ್ಟು ಧೈರ್ಯ ಇರಲಿಲ್ಲ. ತೆಗೆದುಬಿಡು ಅಂತ ಸಾವಿರ ಸಲ ಬೇಡಿದ್ದೇನೆ.

ನನಗೆ ನಿಜಕ್ಕೂ ಬೇಜಾರಾದದ್ದು ನಿನ್ನ ಮೆಸೇಜಿನ ಕೊನೇ ಸಾಲಿಗೆ. ಮೂರು ತಿಂಗಳಿಂದ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಎದ್ದು ಹೊರಗೆ ಬರುತ್ತೀಯಂತೆ, ಯೋಗ್ಯತೆ ಇಲ್ಲ ಅಂತ. ಯೋಗ್ಯತೆ ಯಾರಿಗಿದೆಯೋ? ನಾನೂ ಹಿಂದೆ ಹೀಗೇ ಮಾಡಿದ್ದೆ. ಸಭೆ ತಪ್ಪಿಸಿದ ಆ ಭಾನುವಾರಗಳಲ್ಲೇ ಜಾಸ್ತಿ ಕುಡಿದದ್ದು. ಬೈಬಲಿನ ಜ್ಞಾನೋಕ್ತಿಯಲ್ಲಿ ನೀತಿವಂತ ಏಳು ಸಲ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಮೊದಲೆಲ್ಲ ನಾನು ಬಿದ್ದರೆ ಏಳಲು ತಿಂಗಳು ಹಿಡಿಯುತ್ತಿತ್ತು. ಆಮೇಲೆ ವಾರ. ಆಮೇಲೆ ಅದೇ ರಾತ್ರಿ. ನೀನೂ ಬಿದ್ದ ರಾತ್ರಿಯೇ ದೇವರ ಮುಂದೆ ಅರಿಕೆ ಮಾಡು, ಬೆಳಗಾಗಲಿ ಅಂತ ಕಾಯಬೇಡ. ನಿಮ್ಮ ಪಾಸ್ಟರ್ ಹತ್ತಿರ ಒಮ್ಮೆ ಬಾಯಿಬಿಟ್ಟು ಹೇಳು. ಅದಾಗದಿದ್ದರೆ ನನಗೆ ಒಂದು ಚುಕ್ಕೆ ಕಳಿಸು, ಸಾಕು. ಎಷ್ಟು ಹೊತ್ತಾದರೂ ಫೋನ್ ಮಾಡುತ್ತೇನೆ. ವಯಸ್ಸಾದವರಿಗೆ ಹೇಗೂ ನಿದ್ದೆ ಕಮ್ಮಿ.

ಅಲಾರಾಂಗೆ ಫೋನ್ ತಲೆದಿಂಬಿನ ಪಕ್ಕ ಬೇಕೇ ಬೇಕು ಅಂದಿದ್ದೀಯ. ನಿನ್ನೆ ಕೊರಿಯರ್‌ನಲ್ಲಿ ಒಂದು ಅಲಾರಾಂ ಗಡಿಯಾರ ಕಳಿಸಿದ್ದೇನೆ. ರಾತ್ರಿ ಹತ್ತಕ್ಕೆ ಫೋನನ್ನು ನಿನ್ನ ರೂಮ್‌ಮೇಟ್ ಕೈಗೆ ಕೊಡು. ಗಡಿಯಾರ ಹಳೇ ಕಾಲದ್ದು, ದಿನಾ ಕೀ ಕೊಡಬೇಕು. ಟಿಕ್ ಟಿಕ್ ಸದ್ದು ಸ್ವಲ್ಪ ಜಾಸ್ತಿ, ಮೊದಲ ಎರಡು ದಿನ ಬೈದುಕೊಳ್ಳುತ್ತೀಯ.

ನಿನ್ನ ದೊಡ್ಡಪ್ಪ