ಚಿನ್ನ ಅಂದ್ರೆ ಬರೀ ದರದ ಸುದ್ದೀನಾ?

ಸಂಪಾದಕರೇ,

ಚಿನ್ನದ ಬಗ್ಗೆ ಪತ್ರಿಕೆಯಲ್ಲಿ ದಿನಾ ಬರುವುದು ದರ ಏರಿತೋ ಇಳಿಯಿತೋ ಅನ್ನೋದಷ್ಟೇ. ಪ್ರಾಣಿಗಳ ಚಿತ್ರವಿರುವ ಪ್ರೂಫ್ ನಾಣ್ಯಗಳ ಬಗ್ಗೆಯೂ ಒಂದಿಷ್ಟು ಬರೆಯಿರಿ, ಓದುವವರಿದ್ದೇವೆ.

ಪ್ರೂಫ್ ಅಂದರೆ ಚೆನ್ನಾಗಿ ಹೊಳಪು ಕೊಟ್ಟ ಅಚ್ಚಿನಲ್ಲಿ ಒಂದಕ್ಕಿಂತ ಜಾಸ್ತಿ ಸಲ ಒತ್ತಿ ಮಾಡಿದ ನಾಣ್ಯ. ಸುತ್ತಲಿನ ಖಾಲಿ ಜಾಗ ಕನ್ನಡಿಯಂತೆ ಹೊಳೆಯುತ್ತದೆ, ಪ್ರಾಣಿಯ ಮೈ ಮಾತ್ರ ಮಾಸಲು. ಸ್ವಲ್ಪ ಓರೆ ಮಾಡಿ ಹಿಡಿದರೆ ಹಿನ್ನೆಲೆ ಕಪ್ಪಾಗಿ, ಪ್ರಾಣಿ ಎದ್ದು ಬಂದ ಹಾಗೆ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ನಾಣ್ಯ ಕ್ರೂಗರ್‌ರಾಂಡ್‌ನಲ್ಲಿ 1967ರಿಂದಲೂ ಅದೇ ಸ್ಪ್ರಿಂಗ್‌ಬಾಕ್ ಜಿಂಕೆ. ಅದರ ಮಾಮೂಲಿ ನಾಣ್ಯದ ಅಂಚಿನಲ್ಲಿ 160 ಗೀರುಗಳಿದ್ದರೆ ಪ್ರೂಫ್‌ನಲ್ಲಿ 220, ಅಂದರೆ ಭೂತಗನ್ನಡಿ ಹಿಡಿದು ಕೂತವರಿಗೆ ಅಂಚು ನೋಡಿದರೇ ಗುರುತು ಸಿಗುತ್ತದೆ. ಚೀನಾದ ಪಾಂಡಾ ನಾಣ್ಯ ಶುರುವಾಗಿದ್ದು 1982ರಲ್ಲಿ, ಚಿತ್ರ ಹೆಚ್ಚುಕಮ್ಮಿ ಪ್ರತಿ ವರ್ಷ ಬದಲು. ನನ್ನ ಓಟು ಪಾಂಡಾಕ್ಕೇ, ಮುಂದಿನ ವರ್ಷ ಅದು ಏನು ಮಾಡುತ್ತಿರುತ್ತದೋ ಅನ್ನೋ ಕುತೂಹಲ ಇರುತ್ತದಲ್ವಾ!

ಇನ್ನು ಜಾಹೀರಾತಿನ ವಿಷಯ. ‘ಸೀಮಿತ ಆವೃತ್ತಿ’ ಅಂತ ದಪ್ಪಕ್ಷರದಲ್ಲಿ ಹಾಕುತ್ತಾರೆ, ಒಟ್ಟು ಎಷ್ಟು ನಾಣ್ಯ ಅಂತ ಮಾತ್ರ ಹೇಳುವುದಿಲ್ಲ. ಪ್ರೂಫ್‌ಗೆ ಚಿನ್ನದ ಬೆಲೆಗಿಂತ ಜಾಸ್ತಿ ಕೊಡಬೇಕು, ಮಾರುವಾಗ ಆ ಹೆಚ್ಚುವರಿ ಹಣ ವಾಪಸ್ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ಬೆರಳಚ್ಚು ಬಿದ್ದರೂ ಬೆಲೆ ಇಳಿಯಬಹುದು, ಉಜ್ಜಿದರಂತೂ ಮುಗೀತು. ಇಂಥದ್ದನ್ನು ಸುಮ್ನೆ ‘ಹೂಡಿಕೆ’ ಅಂತ ಮಾರುವವರ ಜಾಹೀರಾತು ಹಾಕುವ ಮುಂಚೆ, ನಾಣ್ಯಗಳ ಸಂಖ್ಯೆಯನ್ನಾದರೂ ಕೇಳಿ ಅಚ್ಚು ಹಾಕಿ.

— ನಾಣ್ಯ ಸಂಗ್ರಹದ ಹುಚ್ಚಿರುವ ಓದುಗ