ಘಟ್ಟದ ಮೇಲಿಂದ ಕೊಡೆಭಟ್ಟನಿಗೆ

ಪ್ರೀತಿಯ ಕೊಡೆಭಟ್ಟ,

ಘಟ್ಟದವರು ಮಂಗಳೂರಿಗೆ ಬರೋದು ಆಸ್ಪತ್ರೆಗೆ, ಇಲ್ಲಾ ಮದುವೆ ಜವಳಿಗೆ ಅಂದೆಯಲ್ಲ ಮೊನ್ನೆ. ಗುಂಪಿನಲ್ಲಿ ಎಲ್ಲರೂ ಹಲ್ಲು ಕಿರಿದರು. ಫೋನಿನಲ್ಲಿ ಉತ್ತರ ಕೊಟ್ಟರೆ ನೀನು ಅರ್ಧಕ್ಕೇ ಬಾಯಿ ಹಾಕ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೀತಿದ್ದೇನೆ. ಉಳಿದವರೂ ಓದಿಕೊಳ್ಳಿ, ಅಡ್ಡಿಯಿಲ್ಲ. ಕೊಡೆ ಯಾಕೆ ಅಂತ ಮಾತ್ರ ಕೇಳಬೇಡಿ.

ಮೊದಲು ಹಳೇ ಬಾಕಿ. ನಿನ್ನ ಮಂಗಳೂರು ಒಂದು ಕಾಲಕ್ಕೆ ನಮ್ಮದು ಮಾರಾಯ. ಇಕ್ಕೇರಿಯಲ್ಲಿ, ಆಮೇಲೆ ಈಗ ನಗರ ಅಂತ ಕರೆಯೋ ಬಿದನೂರಿನಲ್ಲಿ ಕೂತ ಕೆಳದಿಯ ನಾಯಕರು ಕರಾವಳಿಯ ಬಂದರುಗಳನ್ನು ಆಳಿದರು. ಗೋವಾದ ಪೋರ್ಚುಗೀಸರಿಗೆ ಉಣ್ಣಲು ಕೆನರಾದ ಅಕ್ಕಿ ಬೇಕು, ಹಡಗಿಗೆ ತುಂಬಲು ನಮ್ಮ ಘಟ್ಟದ ಕಾಳುಮೆಣಸು ಬೇಕು. 1623ರಲ್ಲಿ ಅವರ ರಾಯಭಾರಿ ವೆಂಕಟಪ್ಪ ನಾಯಕನನ್ನು ಕಾಣಲು ಹೊನ್ನಾವರದಿಂದ ಗೇರುಸೊಪ್ಪೆ ಹಾದು ಇಕ್ಕೇರಿಗೆ ಹತ್ತಿ ಬಂದ. ಜೊತೆಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಬರೆದಿಟ್ಟ. 1650ರ ದಶಕದಲ್ಲಿ ಶಿವಪ್ಪ ನಾಯಕ ಆ ಪೋರ್ಚುಗೀಸರನ್ನು ಮಂಗಳೂರಿನ ಕೋಟೆಯಿಂದಲೇ ಎಬ್ಬಿಸಿದ. ಆಸ್ಪತ್ರೆಗೆ ಬಂದದ್ದಲ್ಲ, ಗೊತ್ತಾಯ್ತಾ?

ಈ ಕಥೆಯನ್ನು ನಾನು ಮನೆಗೆ ಬಂದವರಿಗೆಲ್ಲ ಹೇಳೋದು ನಿನಗೆ ಗೊತ್ತಿದ್ದದ್ದೇ. ನಗರದ ಕೋಟೆ ಹತ್ತಿಸದೆ ನಾನು ಯಾರಿಗೂ ಎರಡನೇ ಕಾಫಿ ಕೊಟ್ಟವನಲ್ಲ. ಈ ಸಲ ಮಳೆ ನಿಂತ ಮೇಲೆ ಮಗಳ ಆಫೀಸಿನ ಹುಡುಗರು ಬಂದಿದ್ದರು. ಒಬ್ಬ ಕೋಟೆ ಮೇಲೆ ನಿಂತು ಸುತ್ತ ನೋಡಿ, "ಅಂಕಲ್, ಈ ಕಾಡಲ್ಲಿ ಇದನ್ನೆಲ್ಲ ಕಟ್ಟೋಕೆ ದುಡ್ಡು ಎಲ್ಲಿಂದ ಬಂತು?" ಅಂದ.

ಬಂದದ್ದು ಕೆಳಗಿನಿಂದ. ನಾನು ಇಷ್ಟು ವರ್ಷ ಕತ್ತಿ, ಕುದುರೆ, ಶಿವಪ್ಪ ನಾಯಕನ ಶಿಸ್ತು ಅಂತ ಕೊರೆದವನು ಆ ಒಂದು ಮಾತು ಹೇಳಿರಲಿಲ್ಲ. ಇಲ್ಲಿಂದ ಮೆಣಸು ಇಳೀಬೇಕು, ಅಲ್ಲಿ ಹಡಗು ಕಾಯಬೇಕು; ಆಗ ಬಿದನೂರು ಬಿದನೂರು. 1763ರಲ್ಲಿ ಹೈದರ್ ಬಿದನೂರು ಹಿಡಿದಾಗ ಖಜಾನೆಯ ಜೊತೆಗೆ ಮಂಗಳೂರೂ ಕೈಗೆ ಬಂತು, ಅವನು ಅಲ್ಲಿ ಹಡಗು ಕಟ್ಟಿಸಲು ಹೊರಟ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯವರು ಪಾಲು ಮಾಡಿದರು ನೋಡು, ಅಲ್ಲಿಗೆ ನಮ್ಮ ಕಥೆ ಮುಗೀತು: ನಗರ ಮೈಸೂರು ಅರಸರಿಗೆ, ಬಂದರು ತಮಗೆ. 1956ರಲ್ಲಿ ರಾಜ್ಯ ಒಂದಾಗುವ ತನಕ ಘಟ್ಟದ ನೆತ್ತಿಯೇ ಗಡಿ. ರಾಜಧಾನಿ ಹೋಗಿ ಬಸ್ಸು ತಿರುಗಿಸುವಷ್ಟು ಪೇಟೆ ಉಳೀತು.

ನೀವು ಕೆಳಗೆ ಬೆಳೆದಿರಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು, ನೇತ್ರಾವತಿಯ ಮಣ್ಣು ಸುಟ್ಟು ನಮ್ಮ ತಲೆ ಮೇಲೆ ಕೂತಿತು. ನಮ್ಮನೆ ಅಟ್ಟದಲ್ಲಿ ಮಲಗಿ ನೀನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದ್ದು ಅದೇ ಹೆಂಚಿನದ್ದು. ಆಮೇಲೆ ಪಣಂಬೂರಿಗೆ ಹೊಸ ಬಂದರು. ಕುದುರೆಮುಖದ ಗುಡ್ಡ ಅಗೆದು, ಅದಿರನ್ನು ಕೆಸರು ಮಾಡಿ, 67 ಕಿಲೋಮೀಟರ್ ಕೊಳವೆಯಲ್ಲಿ ಹಡಗಿನ ಬಾಯಿಗೇ ಹರಿಸಿದರು. ಸುಪ್ರೀಂ ಕೋರ್ಟು 2005ರ ಕೊನೆಗೆ ನಿಲ್ಲಿಸಿತೋ, ಇಲ್ಲದಿದ್ದರೆ ಮಲೆನಾಡು ಪೂರ್ತಿ ಇಳಿದು ಬರ್ತಿತ್ತು. ಅಡಿಕೆ ಮಾರೋಕೆ ಶಿವಮೊಗ್ಗದಲ್ಲಿ ನಮ್ಮ ಸಹಕಾರಿ ಸಂಘ ಮಾಮ್‌ಕೋಸ್ 1939ರಿಂದ ಇದೆ, ನಿಮ್ಮ ಸಂಘ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ. ಇದೊಂದರಲ್ಲಿ ನಾವು ಹಿರಿಯರು, ಬರೆದಿಟ್ಟುಕೋ.

ಆದರೆ ಬ್ಯಾಂಕಿನ ಸುದ್ದಿಗೆ ಬಂದರೆ ನಿನ್ನ ಮೇಲೆ ಸಿಟ್ಟೇ ಬರೋದಿಲ್ಲ. 1906, 1924, 1931 ಅಂತ ಒಂದು ಸಣ್ಣ ಊರಿನ ಸುತ್ತಮುತ್ತ ಅಷ್ಟು ಬ್ಯಾಂಕು ಹುಟ್ಟಿದ್ದು ಬೇರೆಲ್ಲಿದೆ? 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಕ್ಕೆ ಸೇರಿತು, ಮರುವರ್ಷ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್‌ಗೆ, ಸಿಂಡಿಕೇಟ್ ಕೆನರಾಕ್ಕೆ. ನಿನ್ನದು ಯಾವುದು ಅಂತ ಇಲ್ಲಿ ಹೇಳೋದಿಲ್ಲ. ಬೋರ್ಡು ಇಳಿಸಿದ ದಿನ ನೀನು ಫೋನ್ ಮಾಡಿ ಮಾತೇ ಆಡದೆ ಇಟ್ಟೆ. ಆಗ ನನಗೆ ಅರ್ಥ ಆಗಿರಲಿಲ್ಲ. ಖಜಾನೆ ಬೇರೆ ಊರಿಗೆ ಹೋಯ್ತು ಮಾರಾಯ, ಅಷ್ಟೇ. ಬಿದನೂರಿನವರನ್ನು ಕೇಳಿದ್ದರೆ ಹೇಳ್ತಿದ್ದರು.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ.

ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. ಆಗುಂಬೆ ಕಡೆ ಇದೆ ಅಂತಿದ್ದರು, ಈಗ ನಮ್ಮ ಕೆಳಗಿನ ತೋಟದಲ್ಲೂ ಸೋಗೆ ಹಳದಿ ತಿರುಗಿ ಒಣಗ್ತಿದೆ. ಕೊಳೆ ರೋಗಕ್ಕಾದರೆ ಬೋರ್ಡೋ ದ್ರಾವಣ ಹೊಡೆಸಿ ದೇವರಿಗೆ ಕೈ ಮುಗಿದು ಕೂರಬಹುದಿತ್ತು. ಇದು ಹಾಗಲ್ಲ. ಅಡಿಕೆ ಕೊನೆ ಇಳಿಸೋ ಕೊನೆಗೌಡ ಮರದಿಂದ ಇಳಿದು ಮುಖ ನೋಡದೆ "ಈ ಸಾಲು ಕಷ್ಟ, ಭಟ್ರೇ" ಅಂದ. ಅಪ್ಪ ನೆಟ್ಟ ಸಾಲು ಅದು. ನನಗೆ ಸಂಕಟ ಆಗಬೇಕಿತ್ತು. ಆಗಲಿಲ್ಲ. ಹಗುರ ಆಯ್ತು. ಸದ್ಯ, ಒಂದು ನೆಪ ಸಿಕ್ತು ಅನ್ನಿಸ್ತು.

ಯಾತಕ್ಕೆ ನೆಪ ಅಂದರೆ, ಕಣ್ಣು ತೋರಿಸೋಕೆ ಅಂತ ಹುಲಿಕಲ್ ಘಾಟಿ ಇಳಿದು ಮಂಗಳೂರಿಗೆ ಬಂದವನು ಕಣ್ಣು ತೋರಿಸಿಯೂ ಆಯ್ತು, ಕದ್ರಿ ಹತ್ತಿರ ಒಂದು ಫ್ಲಾಟ್ ನೋಡಿಯೂ ಆಯ್ತು. ಎರಡು ಕೋಣೆ, ಐದನೇ ಮಹಡಿ. ನಿನಗೂ ಹೇಳಲಿಲ್ಲ, ನಿನ್ನ ಮನೆ ದಾಟಿಯೇ ಹೋದೆ. ಬಾಲ್ಕನಿಯಲ್ಲಿ ನಿಂತು, ಇಲ್ಲಿ ರಾತ್ರಿ ಎದೆ ನೋವು ಬಂದರೆ ಹತ್ತು ನಿಮಿಷ ಅಂತ ಲೆಕ್ಕ ಹಾಕಿದೆ. ನಾಯಕರ ವಂಶಾವಳಿ ಒಂದೂ ನೆನಪಾಗಲಿಲ್ಲ. ಹಾಗಾಗಿ ನಿನ್ನ ಮಾತು ಸರಿ, ಘಟ್ಟದವರು ಬರೋದು ಆಸ್ಪತ್ರೆಗೇ. ಗುಂಪಿನಲ್ಲಿ ನಾನು ನಗದೇ ಇದ್ದದ್ದು ಅದಕ್ಕೆ.

ಅಯ್ಯೋ, ಇದನ್ನು ನಮ್ಮನೆಯವಳೂ ಓದ್ತಾಳೆ. ಓದ್ತಿದ್ದರೆ ಕೇಳೇ, ಫ್ಲಾಟ್ ನೋಡಿದ್ದು ಕೊಡೆಭಟ್ಟನ ಭಾವನಿಗೆ. ಕೊಡೆಭಟ್ಟ, ನಿನಗೆ ಒಬ್ಬ ಭಾವ ಇದ್ದಾನೆ, ಇವತ್ತಿಂದ.

ಹೇಗೂ ಮಾರ್ಚಿನ ಸೆಕೆಗೆ ನಾನು ಅಲ್ಲಿ ಮೂರು ದಿನ ತಡೆಯೋನಲ್ಲ, ನಾಲ್ಕನೇ ದಿನ ಪಂಚೆ ಕೊಡವಿಕೊಂಡು ಬಸ್ಸು ಹತ್ತುತ್ತೇನೆ. ಆದರೂ ಒಂದು ಕೆಲಸ ಮಾಡು. ಆ ಕಟ್ಟಡದ ಅಸೋಸಿಯೇಶನ್‌ನವರ ಹತ್ತಿರ, ಟೆರೇಸಿನಲ್ಲಿ ಅಡಿಕೆ ಒಣಗಿಸೋಕೆ ಬಿಡ್ತಾರಾ ಅಂತ ಸುಮ್ಮನೆ ಕೇಳಿ ಇಡು. ಭಾವನಿಗೆ ಅಂತ ಹೇಳು.

ಇತಿ ನಿನ್ನ,
ಎರಡನೇ ಬೆಂಚಿನ ನಾಯಕ