ಪಳಗಿದ ತೋಳಿಗೆ ದೇವರ ರಕ್ತ ಯಾಕೆ ಬೇಕಿತ್ತು?

ಮಾನ್ಯ ಸಂಪಾದಕರೇ,

ಮಹಿಳಾ ಸೂಪರ್‌ಹೀರೊ ಚಿತ್ರಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. 2017ರ ‘ವಂಡರ್ ವುಮನ್’ ಬಗ್ಗೆ ಬರೆದಿದ್ದೆಲ್ಲ ಗಳಿಕೆಯ ಲೆಕ್ಕದಲ್ಲೇ ಮುಗಿದುಹೋಗಿದೆ. ಆ ಚಿತ್ರ 80 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ್ದು ನಿಜ. 2004ರ ‘ಕ್ಯಾಟ್‌ವುಮನ್’, 2005ರ ‘ಎಲೆಕ್ಟ್ರಾ’ ನೆಲಕಚ್ಚಿದ ಮೇಲೆ, ಹೆಣ್ಣು ನಾಯಕಿಯಾದರೆ ಇಂಥ ಚಿತ್ರ ಓಡುವುದಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದ್ದೂ ನಿಜ. ಆದರೆ ಚಿತ್ರದಲ್ಲಿ ಏನು ಚೆನ್ನಾಗಿದೆ, ಎಲ್ಲಿ ಎಡವಿದೆ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ನಾನು 28 ವರ್ಷ ಹೆಣ್ಣುಮಕ್ಕಳಿಗೆ ಓಟ, ಜಿಗಿತ, ಭರ್ಜಿ ಎಸೆತ ಕಲಿಸಿದ ಪಿ.ಟಿ. ಟೀಚರ್. ಈ ಚಿತ್ರವನ್ನು ನಾಲ್ಕು ಸಲ ನೋಡಿದ್ದೇನೆ. ಅದಕ್ಕೇ ಈ ಪತ್ರ.

ಮೊದಲ ದೃಶ್ಯಗಳಲ್ಲೇ ಚಿತ್ರ ನನ್ನನ್ನು ಗೆದ್ದುಬಿಟ್ಟಿತು. ಹೆಂಗಸರೇ ಇರುವ ದ್ವೀಪದಲ್ಲಿ, ಮುಂದೆ ವಂಡರ್ ವುಮನ್ ಆಗಲಿರುವ ಪುಟ್ಟ ಡಯಾನಾ ಎತ್ತರದಲ್ಲಿ ನಿಂತು, ಕೆಳಗೆ ಅಭ್ಯಾಸ ಮಾಡುತ್ತಿರುವ ಹೆಂಗಸರನ್ನು ನೋಡುತ್ತ, ಅವರ ಹಾಗೇ ಗಾಳಿಗೆ ಗುದ್ದುತ್ತಾಳೆ. ಮೈದಾನದ ಅಂಚಿನಲ್ಲಿ ಚೀಲ ಬೆನ್ನಿಗೇರಿಸಿಕೊಂಡು, ದೊಡ್ಡ ಹುಡುಗಿಯರ ಸ್ಟಾರ್ಟಿಂಗ್ ಭಂಗಿಯನ್ನು ತನ್ನಷ್ಟಕ್ಕೆ ತಾನೇ ಮಾಡಿ ನೋಡುವ ಮಗುವನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆ ಹೆಂಗಸರಲ್ಲಿ ಕೆಲವರು ನಿಜವಾದ ಕ್ರೀಡಾಪಟುಗಳು. ಆನ್ ವೂಲ್ಫ್ ವೃತ್ತಿಪರ ಬಾಕ್ಸರ್ ಆಗಿದ್ದವರು, ಬ್ರೂಕ್ ಎನ್ಸ್ ಕ್ರಾಸ್‌ಫಿಟ್ ಎಂಬ ಕಠಿಣ ವ್ಯಾಯಾಮದ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದವರು. ಆ ಭುಜಗಳು ಒಂದೆರಡು ತಿಂಗಳ ತಾಲೀಮಿನಲ್ಲಿ ಬರುವಂಥವಲ್ಲ. ಮಗಳಿಗೆ ಯುದ್ಧವಿದ್ಯೆಯೇ ಬೇಡ ಎನ್ನುತ್ತಿದ್ದ ತಾಯಿ, ಆ ದ್ವೀಪದ ರಾಣಿ, ಕೊನೆಗೆ ಒಪ್ಪಿದಾಗ ತನ್ನ ಸೋದರಿ, ಮಗಳ ಗುರು ಆ್ಯಂಟಿಯೋಪಿಗೆ ಹೇಳುವುದೇನು? ಬೇರೆ ಎಲ್ಲರಿಗಿಂತ ಹತ್ತು ಪಟ್ಟು ಕಠಿಣವಾಗಿ ತರಬೇತಿ ಕೊಡು ಅಂತ.

ಇನ್ನು ಎಲ್ಲರೂ ಕೊಂಡಾಡುವ ಕಂದಕದ ದೃಶ್ಯ. ಮೊದಲ ಮಹಾಯುದ್ಧದ ಬೆಲ್ಜಿಯಂ. ಸೈನಿಕರು ಹೆಚ್ಚುಕಮ್ಮಿ ಒಂದು ವರ್ಷದಿಂದ ಅಲ್ಲೇ ಕೂತಿದ್ದಾರೆ, ಒಂದಿಂಚೂ ಮುಂದೆ ಹೋಗಲಾಗಿಲ್ಲ. ಡಯಾನಾ ಕೂದಲು ಬಿಚ್ಚಿ, ಹಣೆಪಟ್ಟಿ ಕಟ್ಟಿ ಏಣಿ ಹತ್ತುತ್ತಾಳೆ. ಅಲ್ಲಿಂದ ಮುಂದೆ ನಾನು ನೋಡಿದ್ದು ಅವಳ ಮುಖವನ್ನಲ್ಲ, ಕಾಲನ್ನು. ಮೆಷಿನ್ ಗನ್ನಿನ ಗುಂಡುಗಳೆಲ್ಲ ಗುರಾಣಿಗೇ ಬಡಿಯುವಾಗ ಅವಳು ಮಂಡಿ ಬಗ್ಗಿಸಿ, ಮೈಯನ್ನು ಚಿಕ್ಕದು ಮಾಡಿ, ಭುಜದ ಭಾರವನ್ನೆಲ್ಲ ಗುರಾಣಿಯ ಹಿಂದೆ ಒಡ್ಡಿ ಕೂರುತ್ತಾಳೆ. ಆ ಹೊತ್ತಿನಲ್ಲಿ ಅವಳು ಯಾರಿಗೂ ಹೊಡೆಯುತ್ತಿಲ್ಲ, ತಡೆದುಕೊಳ್ಳುತ್ತಿದ್ದಾಳೆ ಅಷ್ಟೇ. ಅವಳು ತಡೆದದ್ದರಿಂದಲೇ ಉಳಿದವರು ಕಂದಕ ಬಿಟ್ಟು ಎದ್ದು ಓಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಹಳ್ಳಿಯ ಚರ್ಚ್ ಗೋಪುರದಿಂದ ಒಬ್ಬ ಗುಂಡು ಹಾರಿಸತೊಡಗುತ್ತಾನೆ. ದ್ವೀಪದ ಸಮುದ್ರತೀರದ ಕಾಳಗದಲ್ಲಿ, ಸಾಯುವ ಮುಂಚೆ, ಆ್ಯಂಟಿಯೋಪಿ ಗುರಾಣಿಯ ಮೇಲೆ ಕಾಲಿಟ್ಟು ಚಿಮ್ಮಿದ್ದು, ಡಯಾನಾಳ ಜೊತೆ ದ್ವೀಪದಿಂದ ಬಂದ ಪೈಲಟ್ ಸ್ಟೀವ್‌ಗೆ ನೆನಪಾಗುತ್ತದೆ. ಅವನು, ಅವನ ಸಂಗಡಿಗರು ಒಂದು ಲೋಹದ ಹಲಗೆಯನ್ನು ಬೆನ್ನಮೇಲೆ ಹೊರುತ್ತಾರೆ, ಡಯಾನಾ ಅದರ ಮೇಲಿಂದ ಚಿಮ್ಮಿ ಗೋಪುರಕ್ಕೇ ನುಗ್ಗುತ್ತಾಳೆ. ಗುರು ಸತ್ತಿದ್ದಾಳೆ, ಆದರೆ ಅವಳ ಪಟ್ಟು ಇನ್ನೊಬ್ಬರ ಬೆನ್ನಿನ ಮೇಲೆ ಬದುಕಿದೆ. ನಾಲ್ಕನೇ ಸಲವೂ ನನ್ನ ಕಣ್ಣು ಒದ್ದೆಯಾಯಿತು.

ಏಣಿ ಹತ್ತುವಾಗ ಕ್ಯಾಮೆರಾ ಅವಳ ಬೂಟನ್ನು ಹತ್ತಿರದಿಂದ ತೋರಿಸುತ್ತದಲ್ಲ, ಅದಕ್ಕೆ ಎತ್ತರದ ಹಿಮ್ಮಡಿ! ಕೆಸರಿನಲ್ಲಿ, ಗುಂಡಿನ ಮಳೆಯಲ್ಲಿ ಓಡಬೇಕಾದವಳಿಗೆ ಅಂಥ ಬೂಟು ಯಾಕೆ? ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಇದನ್ನು ಸಮರ್ಥಿಸಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಲಂಡನ್ನಿನ ಅಂಗಡಿಯಲ್ಲಿ ಉದ್ದ ಗೌನ್ ತೊಟ್ಟು ಕಾಲೆತ್ತಿ ಒದ್ದು ನೋಡಿ, ಇದರಲ್ಲಿ ಹೆಂಗಸರು ಹೋರಾಡುವುದು ಹೇಗೆ ಎಂದು ಕೇಳಿದವಳು ಇದೇ ಡಯಾನಾ. ಆ ಪ್ರಶ್ನೆಯನ್ನು ಚಿತ್ರ ಅವಳ ಬೂಟಿಗೂ ಕೇಳಬೇಕಿತ್ತು.

ಬೂಟಿನ ವಿಷಯವನ್ನಾದರೂ ನುಂಗಿಕೊಳ್ಳಬಹುದು. ನನ್ನಿಂದ ನುಂಗಲಾಗದ್ದು ಕೊನೆಯ ಅರ್ಧ ಗಂಟೆ. ಯುದ್ಧದೇವತೆ ಏರಿಸ್‌ನನ್ನು ಕೊಲ್ಲುವ ಆಯುಧ ಎಂದು ನಂಬಿಕೊಂಡು ಬಂದ ಕತ್ತಿ ಅವನ ಮುಂದೆ ಪುಡಿಯಾಗುತ್ತದೆ. ಆಯುಧ ಕತ್ತಿಯಲ್ಲ, ನೀನೇ, ನೀನು ಸ್ಯೂಸ್ ದೇವರ ಮಗಳು ಎಂದು ಅವನೇ ಹೇಳುತ್ತಾನೆ. ಹಾಗಾದರೆ ಆ್ಯಂಟಿಯೋಪಿ ಕಲಿಸಿದ್ದು ಏನಾಯಿತು? ಹತ್ತು ಪಟ್ಟು ಬೆವರು ಎಲ್ಲಿ ಹೋಯಿತು? ಕೊನೆಗೆ ಗೆದ್ದದ್ದು ಹುಟ್ಟು, ಅಭ್ಯಾಸ ಅಲ್ಲ ಎಂದಾಯಿತು.

ಇದು ನನಗೆ ಇಷ್ಟು ಚುಚ್ಚಲು ಕಾರಣವಿದೆ. ನನ್ನ ಬಳಿ 800 ಮೀಟರ್ ಓಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ನಾಲ್ಕು ವರ್ಷ ಬೆಳಗ್ಗೆ ಐದೂವರೆಗೆ ಟ್ರ್ಯಾಕ್‌ಗೆ ಬಂದವಳು. ಎರಡನೇ ಸುತ್ತಿನಲ್ಲಿ ಉಸಿರು ಕಟ್ಟಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಮತ್ತೆ ಗೆರೆಯ ಮೇಲೆ ನಿಂತವಳು. ಕೊನೆಗೂ ಅವಳು ಗೆದ್ದ ದಿನ ಬಹುಮಾನ ಕೊಟ್ಟವರು ಮೈಕಿನಲ್ಲಿ, “ಅಪ್ಪನೂ ಓಟಗಾರರಂತೆ, ರಕ್ತದಲ್ಲೇ ಬಂದಿದೆ” ಎಂದರು. ಚಪ್ಪಾಳೆ ಬಿತ್ತು. ಹುಡುಗಿ ನನ್ನ ಕಡೆ ನೋಡಿದಳು. “ಮಿಸ್, ನಾನು ಓಡಿದ್ದು?” ಎಂದು ಆಮೇಲೆ ಕೇಳಿದಳು. ಸ್ಯೂಸ್ ಹೆಸರು ಬಂದಾಗಲೆಲ್ಲ ಆ ಮುಖ ಕಣ್ಣ ಮುಂದೆ ಬರುತ್ತದೆ.

ಬೇರೆ ಕೊರತೆಗಳೂ ಇವೆ. “ನಾನು ಪಿಸುಗುಟ್ಟುತ್ತೇನೆ ಅಷ್ಟೇ, ಯುದ್ಧ ಮಾಡುವವರು ಮನುಷ್ಯರೇ” ಎಂದು ಏರಿಸ್ ಹೇಳುವುದು ಇಡೀ ಚಿತ್ರದ ಅತ್ಯಂತ ಗಟ್ಟಿ ಮಾತು. ಅವನು ಸತ್ತ ಮರುಕ್ಷಣವೇ ಸೈನಿಕರು ಮುಖವಾಡ ಕಳಚಿ ತಬ್ಬಿಕೊಳ್ಳುತ್ತಾರೆ, ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ವಿಷಾನಿಲ ತಯಾರಿಸುವ ಡಾಕ್ಟರ್ ಮಾರು ಒಳ್ಳೆಯ ಪಾತ್ರವಾಗಬಹುದಿತ್ತು. ಅವಳ ಸುಟ್ಟ ಮುಖವನ್ನೇ ಕೆಟ್ಟತನದ ಗುರುತು ಮಾಡಿ ಕೈತೊಳೆದುಕೊಂಡಿದ್ದಾರೆ. 1937ರವರೆಗೆ ಬದುಕಿದ್ದ ಜರ್ಮನ್ ಸೇನಾನಿ ಲುಡೆನ್‌ಡಾರ್ಫ್ ಇಲ್ಲಿ 1918ರಲ್ಲೇ ಡಯಾನಾಳ ಕೈಯಲ್ಲಿ ಸಾಯುತ್ತಾನೆ. ಕತೆಗಾಗಿ ಅದನ್ನು ಬಿಟ್ಟುಬಿಡೋಣ. ಆದರೆ ಹೆಂಗಸರೇ ಬೆಳೆಸಿದ ಹುಡುಗಿ ದ್ವೀಪ ಬಿಟ್ಟ ಮೇಲೆ ಅವಳ ಜೊತೆ ನಡೆಯುವವರೆಲ್ಲ ಗಂಡಸರೇ. ಸ್ಟೀವ್‌ನ ಕಾರ್ಯದರ್ಶಿ ಎಟ್ಟಾ ಕ್ಯಾಂಡಿಗೆ ಸಿಕ್ಕಿದ್ದು ನಾಲ್ಕಾರು ನಗುವಿನ ದೃಶ್ಯ ಮಾತ್ರ. ಇಡೀ ತಂಡವನ್ನು ತೋರಿಸಿ, ಆಟ ಶುರುವಾದ ಮೇಲೆ ಒಬ್ಬಳನ್ನೇ ಅಂಗಳಕ್ಕೆ ಇಳಿಸಿದ ಹಾಗಾಯಿತು.

2020ರಲ್ಲಿ ಬಂದ ಎರಡನೆಯ ಚಿತ್ರ ಒಟ್ಟಾರೆ ಇದಕ್ಕಿಂತ ಸಡಿಲ. ಆದರೂ ಅದರ ಆರಂಭದ ಸ್ಪರ್ಧೆಯನ್ನು ದಯವಿಟ್ಟು ನೋಡಿ. ಪುಟ್ಟ ಡಯಾನಾ ಕುದುರೆಯಿಂದ ಬಿದ್ದು, ಅಡ್ಡದಾರಿ ಹಿಡಿದು ಎಲ್ಲರಿಗಿಂತ ಮುಂದೆ ಬರುತ್ತಾಳೆ. ಇನ್ನೇನು ಕೊನೆಯ ಈಟಿ ಎಸೆಯಬೇಕು, ಆ್ಯಂಟಿಯೋಪಿ ಅವಳನ್ನು ಹಿಡಿದು ನಿಲ್ಲಿಸುತ್ತಾಳೆ. ರಾಣಿಯ ಮಗಳೆಂಬ ರಿಯಾಯಿತಿ ಇಲ್ಲ. ನಿವೃತ್ತಿಯಾದ ಮೇಲೂ ನನ್ನ ಬಳಿ ಓಟ ಕಲಿಯಲು ಬರುವ ಆರು ಹುಡುಗಿಯರಿಗೆ ಅದೊಂದು ಭಾಗವನ್ನು ತೋರಿಸಿದೆ. ಇಬ್ಬರು ಡಯಾನಾ ಪರ, ನಾಲ್ವರು ಆ್ಯಂಟಿಯೋಪಿ ಪರ. ಮರುದಿನ ಬೆಳಗ್ಗೆ ವಾರ್ಮ್‌ಅಪ್ ಮಾಡುವಾಗಲೂ ಜಗಳ ಮುಗಿದಿರಲಿಲ್ಲ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ